ಮನೆಯಲ್ಲಿ ಸಾವಾದರೆ ಕೌಂಟಿ ಕೊರೊನರ್ ಯಾಕೆ ಬರುತ್ತಾರೆ? ಏನಿದು ಕಚೇರಿ?

ಹಾಸನದ ಸುಮಾ, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಹೋಗಿ ಇವತ್ತಿಗೆ ನಲವತ್ತು ದಿನ. ಊರಿಂದ ಬಂದು ಎರಡು ತಿಂಗಳಾಗಿತ್ತು. ರಾತ್ರಿ ಮುದ್ದೆ, ಸೊಪ್ಪಿನ ಸಾರು ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ.

911ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್‌ನವರು ಬಂದು ನೋಡಿ, ಉಸಿರು ಹೋಗಿ ತುಂಬಾ ಹೊತ್ತಾಗಿದೆ ಅಂದರು. ಆಮೇಲೆ ಶೆರಿಫ್ (ಕೌಂಟಿಯ, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ) ಕಡೆಯವರು ಬಂದರು. ನಮ್ಮನ್ನೆಲ್ಲ ಹಾಲ್‌ನಲ್ಲಿ ಕೂರಿಸಿದರು. ಮಾವನ ಕೋಣೆಗೆ ಯಾರೂ ಹೋಗುವ ಹಾಗಿಲ್ಲ ಅಂದರು. ಬಾಯಿಗೆ ಎರಡು ಹನಿ ನೀರು ಬಿಡುತ್ತೇನೆ ಅಂತ ಅತ್ತೆ ಎದ್ದರು. ಅದಕ್ಕೂ ಬಿಡಲಿಲ್ಲ. "ಕೊರೊನರ್ ಬರುವ ತನಕ ಮುಟ್ಟಬೇಡಿ" ಅನ್ನುವುದೊಂದೇ ಮಾತು. ಅತ್ತೆ ನನ್ನ ಮುಖ ನೋಡಿದರು. "ಯಾಕಮ್ಮ, ನಾವೇನು ತಪ್ಪು ಮಾಡಿದ್ದೀವಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹದಿನಾರು ವರ್ಷದಿಂದ ಈ ದೇಶದಲ್ಲಿದ್ದೇನೆ. ಕೊರೊನರ್ ಅಂದರೆ ಟೀವಿ ಸೀರಿಯಲ್‌ನಲ್ಲಿ ಕೊಲೆ ಆದಾಗ ಬರುವವರು ಅಂತಷ್ಟೇ ಗೊತ್ತಿತ್ತು. ಪ್ರತಿ ಬೇಸಿಗೆಗೂ ನಮ್ಮೆಲ್ಲರ ಮನೆಗೆ ವಯಸ್ಸಾದ ಅಪ್ಪ ಅಮ್ಮ ಬರುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ಇದು ಎಂಥ ಕಚೇರಿ? ಇವರು ಡಾಕ್ಟರಾ, ಪೊಲೀಸರಾ? ಇದೆಲ್ಲ ಎಲ್ಲಿಂದ ಬಂತು? ತಿಳಿದವರು ದಯವಿಟ್ಟು ಬರೆಯಿರಿ.

ಮಂಗಳೂರು ನರ್ಸ್

ಸುಮಕ್ಕ, ಓದಿ ಸಂಕಟವಾಯಿತು. ನಾನೂ ಕ್ಯಾಲಿಫೋರ್ನಿಯಾದಲ್ಲೇ ಐಸಿಯುನಲ್ಲಿ ಕೆಲಸ ಮಾಡುವವಳು. ಮೊದಲು ನಿಮ್ಮ ಅತ್ತೆಗೆ ಹೇಳಿ. ನೀವು ಯಾರೂ ಏನೂ ತಪ್ಪು ಮಾಡಿಲ್ಲ.

ಇಲ್ಲಿ ಸಾವಿನ ಸರ್ಟಿಫಿಕೇಟ್‌ಗೆ ಯಾರಾದರೂ ಒಬ್ಬರು ಕಾರಣ ಬರೆದು ಸಹಿ ಹಾಕಲೇಬೇಕು. ಕಾಯಿಲೆಯಿಂದ ಹೋದರೆ ಅವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಸಹಿ ಹಾಕುತ್ತಾರೆ. ಸಾಯುವ ಹಿಂದಿನ 20 ದಿನದಲ್ಲಿ ಡಾಕ್ಟರಾಗಲಿ ಹಾಸ್ಪಿಸ್ (ಕೊನೆಗಾಲದ ಆರೈಕೆ) ನರ್ಸ್ ಆಗಲಿ ನೋಡಿಲ್ಲ ಅಂದರೆ ಈ ರಾಜ್ಯದ ಕಾನೂನಿನ ಪ್ರಕಾರ ಕೊರೊನರ್‌ಗೆ ತಿಳಿಸಲೇಬೇಕು. ಊರಿಂದ ಬಂದ ನಮ್ಮ ಹಿರಿಯರಿಗೆ ಇಲ್ಲಿ ಡಾಕ್ಟರ್ ಎಲ್ಲಿಂದ ಬರಬೇಕು? ಹಾಗಾಗಿ ನಿದ್ದೆಯಲ್ಲಿ ತಣ್ಣಗೆ ಹೋದವರೂ ಕೊರೊನರ್ ಕೇಸ್ ಆಗುತ್ತಾರೆ. ಕೊಲೆ, ಆತ್ಮಹತ್ಯೆ, ಅಪಘಾತ, ವಿಷ, ಜೈಲಿನಲ್ಲಿ ಆದ ಸಾವು ಇವೆಲ್ಲ ಹೇಗೂ ಅವರಿಗೇ ಹೋಗುತ್ತವೆ. ಆಸ್ಪತ್ರೆಯಲ್ಲೂ ಅಷ್ಟೇ. ಬಿದ್ದು ಸೊಂಟದ ಮೂಳೆ ಮುರಿದು, ತಿಂಗಳ ಮೇಲೆ ನ್ಯುಮೋನಿಯಾ ಆಗಿ ಹೋದರೂ ನಾವು ಫೋನ್ ಮಾಡುತ್ತೇವೆ. ಮೂಲ ಕಾರಣ ಬಿದ್ದದ್ದು ಅಲ್ವಾ?

ಅಪ್ಪ ಅಮ್ಮ ಬರುವಾಗ ಮಾತ್ರೆ ಚೀಟಿ, ಹಳೇ ಇಸಿಜಿ, ಊರಿನ ಡಾಕ್ಟರ ಫೋನ್ ನಂಬರ್ ಒಂದೇ ಫೈಲಿನಲ್ಲಿ ಇಟ್ಟಿರಿ. ಆ ಫೈಲ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಹಾಸನದ ಸುಮಾ, ಕ್ಯಾಲಿಫೋರ್ನಿಯಾ

ನಮ್ಮಲ್ಲೂ ಹಾಗೇ ಆಯಿತು. ಎರಡು ಗಂಟೆ ಬಿಟ್ಟು ಒಬ್ಬರು ಇನ್ವೆಸ್ಟಿಗೇಟರ್ ಬಂದರು. ಮೊದಲು ಅತ್ತೆಯ ಎದುರು ಮಂಡಿಯೂರಿ ಕೂತು "ನಿಮ್ಮ ದುಃಖದಲ್ಲಿ ನಾನೂ ಭಾಗಿ" ಅಂತ ನನ್ನ ಬಾಯಿಂದ ಕನ್ನಡದಲ್ಲಿ ಹೇಳಿಸಿದರು. ಆಮೇಲೆ ಮಾತ್ರೆ ಡಬ್ಬಿ ತೆಗೆದು ಒಂದೊಂದೇ ಎಣಿಸಿದರು. ಬಿಪಿ ಮಾತ್ರೆ ಎಷ್ಟು ತಂದಿದ್ದರು, ಎಷ್ಟು ಉಳಿದಿದೆ, ದಿನಾ ತಗೊಂಡಿದ್ದರಾ ಅಂತ ಲೆಕ್ಕ ಹಾಕಿದರು. ಕೋಣೆಯ ಫೋಟೋ ತೆಗೆದರು. ರಾತ್ರಿ ಏನು ಊಟ, ಕೊನೆಗೆ ಯಾರ ಜೊತೆ ಮಾತಾಡಿದರು, ಎಲ್ಲ ಬರೆದುಕೊಂಡರು.

ನಮಗೆ ಇದ್ದದ್ದು ಒಂದೇ ಭಯ. ದೇಹ ಕೊಯ್ಯುತ್ತಾರಾ ಅಂತ. ಧರ್ಮದ ಕಾರಣಕ್ಕೆ ತನಗೆ ಪೋಸ್ಟ್‌ಮಾರ್ಟಂ ಬೇಡ ಅಂತ ಬದುಕಿರುವಾಗಲೇ ಬರೆದಿಡಲು ಈ ರಾಜ್ಯದಲ್ಲಿ ಅವಕಾಶ ಇದೆ ಅಂತ ಆ ಹೊತ್ತಿಗೆ ಗೊತ್ತಾಯಿತು. ಅನುಮಾನ ಇದ್ದರೆ ಅಥವಾ ಅಂಟುರೋಗದ ಶಂಕೆ ಇದ್ದರೆ ಅದನ್ನು ಮೀರಿ ಮಾಡುವ ಅಧಿಕಾರ ಅವರಿಗೆ ಇದ್ದೇ ಇರುತ್ತದೆ. ಊರಿನ ಡಾಕ್ಟರು ಹಳೇ ಆಂಜಿಯೋಗ್ರಾಂ ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. ಮಾರನೇ ದಿನ ಮೇಲಿಂದ ಪರೀಕ್ಷೆ ಮಾಡಿ ದೇಹ ಬಿಟ್ಟುಕೊಟ್ಟರು.

ಒಂದು ಮಾತ್ರ ಅರ್ಥವಾಗಲಿಲ್ಲ. ಬಂದವರ ಅಂಗಿಯ ಮೇಲೆ "ಶೆರಿಫ್-ಕೊರೊನರ್" ಅಂತ ಇತ್ತು. ಪೊಲೀಸೂ ಅವರೇ, ಕೊರೊನರೂ ಅವರೇನಾ?

ಹಳೇ ಕಡತ

ಸುಮಾ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ 830 ವರ್ಷ ಹಿಂದೆ ಇದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1194ರ ಇಂಗ್ಲೆಂಡ್. ರಾಜ ಒಂದನೇ ರಿಚರ್ಡ್ ಧರ್ಮಯುದ್ಧ ಮುಗಿಸಿ ಬರುವಾಗ ದಾರಿಯಲ್ಲಿ ಸೆರೆ ಸಿಕ್ಕಿದ್ದ. ಬಿಡಿಸಿಕೊಳ್ಳಲು 1,50,000 ಮಾರ್ಕ್ ಬೆಳ್ಳಿ ಒಪ್ಪಿಕೊಳ್ಳಬೇಕಾಯಿತು. ಬೊಕ್ಕಸ ಬರಿದಾಗಿತ್ತು. ಇತ್ತ ಕೌಂಟಿಗಳಲ್ಲಿ ರಾಜನಿಗೆ ಸೇರಬೇಕಾದ ದಂಡ, ಜಪ್ತಿಯ ಹಣವನ್ನು ಶೆರಿಫ್‌ಗಳು ನುಂಗುತ್ತಿದ್ದರು. ಆಗ ಆಡಳಿತ ನೋಡುತ್ತಿದ್ದವನು ಹ್ಯೂಬರ್ಟ್ ವಾಲ್ಟರ್. ಪ್ರತಿ ಕೌಂಟಿಯಲ್ಲೂ ಮೂವರು ನೈಟ್‌ಗಳನ್ನೂ ಒಬ್ಬ ಗುಮಾಸ್ತನನ್ನೂ ಆರಿಸಬೇಕು ಅಂತ ಆ ವರ್ಷ ಕಟ್ಟಳೆಯಾಯಿತು. ಕಿರೀಟಕ್ಕೆ ಸೇರಿದ ವ್ಯಾಜ್ಯಗಳ ಲೆಕ್ಕ ಇಡುವುದು ಅವರ ಕೆಲಸ. ಕಿರೀಟಕ್ಕೆ ಕ್ರೌನ್ ಅನ್ನುತ್ತಾರಲ್ಲ, ಅದರಿಂದಲೇ ಕ್ರೌನರ್ ಅಥವಾ ಕೊರೊನರ್.

ಸಾವಿನಲ್ಲಿ ರಾಜನಿಗೆ ಏನು ಸಿಗುತ್ತಿತ್ತು? ಜಾಸ್ತಿನೇ ಸಿಗುತ್ತಿತ್ತು. ಕೊಲೆಗಾರನ ಸ್ವತ್ತು ರಾಜನಿಗೆ. ಬೇಕಂತಲೇ ಪ್ರಾಣ ಕಳೆದುಕೊಂಡವನ ಸ್ವತ್ತೂ ರಾಜನಿಗೆ, ಹೆಂಡತಿ ಮಕ್ಕಳ ಗತಿ ಏನಾದರೂ ಆಗಲಿ. ಸಾವಿಗೆ ಕಾರಣವಾದ ವಸ್ತುವೂ ರಾಜನಿಗೇ. ಬಂಡಿ ಹರಿದು ಸತ್ತರೆ ಬಂಡಿ, ಎತ್ತು ಹಾಯ್ದು ಸತ್ತರೆ ಎತ್ತು. ಇದಕ್ಕೆ ಡಿಯೊಡ್ಯಾಂಡ್ ಅಂತ ಹೆಸರು. ಹೆಣ ಮೊದಲು ಕಂಡವನು ಕೂಗು ಹಾಕಿ ಅಕ್ಕಪಕ್ಕದವರನ್ನು ಸೇರಿಸಬೇಕು. ಕೊರೊನರ್ ಬರುವ ಮುಂಚೆ ಹೂಳಿದರೆ ಊರಿಗೆಲ್ಲ ದಂಡ. ಈ ದಂಡಕ್ಕೆ ಹೆದರಿ ಜನ ರಾತ್ರೋರಾತ್ರಿ ಹೆಣವನ್ನು ಪಕ್ಕದ ಊರಿನ ಎಲ್ಲೆಗೆ ಸಾಗಿಸುತ್ತಿದ್ದರು.

ಸಮುದ್ರ ದಾಟಿದ ವಲಸಿಗರು ಈ ಹುದ್ದೆಯನ್ನೂ ಗಂಟು ಕಟ್ಟಿಕೊಂಡು ಹೋದರು. 1630ರ ದಶಕದಲ್ಲಿ ಮೇರಿಲ್ಯಾಂಡ್‌ನಲ್ಲಿ ಒಬ್ಬ ಮರ ಕಡಿಯುವಾಗ ಅದು ಮೈಮೇಲೆ ಬಿದ್ದು ಸತ್ತ. ಕೊರೊನರ್ ಜೂರಿ ಸೇರಿಸಿದ. ಜೂರಿಯವರು ಆ ಮರವನ್ನೇ ವಸಾಹತಿನ ಒಡೆಯನಿಗೆ ಜಪ್ತಿ ಮಾಡಿಕೊಟ್ಟರು! ಇಂಗ್ಲೆಂಡಿನಲ್ಲಿ ರೈಲು ಬಂದ ಮೇಲೆ ಈ ಪದ್ಧತಿ ಉಳಿಯಲಿಲ್ಲ. 1841ರ ಕ್ರಿಸ್‌ಮಸ್ ಹಿಂದಿನ ದಿನ ಸೋನಿಂಗ್ ಎಂಬಲ್ಲಿ ಕುಸಿದ ಮಣ್ಣಿಗೆ ರೈಲು ಗುದ್ದಿ ಕೂಲಿಕಾರರು ಸತ್ತರು. ಜೂರಿ ಎಂಜಿನ್ ಮೇಲೆ 1,000 ಪೌಂಡ್ ಹೇರಿತು. ರೈಲು ಕಂಪನಿಗಳಿಗೆ ಬಿಸಿ ಮುಟ್ಟಿತು. 1846ರಲ್ಲಿ ಡಿಯೊಡ್ಯಾಂಡ್ ರದ್ದಾಯಿತು.

ನನ್ನನ್ನು ಕಾಡುವುದು ಒಂದೇ ವಿಷಯ. ಈ ಹುದ್ದೆ ಹುಟ್ಟಿದ್ದೇ ಶೆರಿಫ್ ಮೇಲೆ ಒಂದು ಕಣ್ಣಿಡಲು. ಸುಮಾ ಅವರ ಮನೆಗೆ ಬಂದವರ ಅಂಗಿಯ ಮೇಲೆ ಎರಡೂ ಒಟ್ಟಿಗೆ ಇದ್ದವು.

ಠಾಣೆ ಕ್ವಾರ್ಟರ್ಸ್

ನಮ್ಮ ತಂದೆ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಹೆಣ ಎಲ್ಲೆ ದಾಟಿಸುವ ಕಥೆ ಓದಿ ಅವರ ನೆನಪಾಯಿತು. ಕೆರೆಯಲ್ಲಿ ಹೆಣ ತೇಲಿದರೆ ಮೊದಲ ಪ್ರಶ್ನೆ ಯಾವ ಠಾಣೆ ಸರಹದ್ದು ಅನ್ನುವುದೇ.

ಕರ್ನಾಟಕದಲ್ಲಿ ಕೊರೊನರ್ ಇಲ್ಲ. ಅನುಮಾನದ ಸಾವಾದರೆ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸುತ್ತಾರೆ. ಸಬ್ ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋಗಿ ಪಂಚರನ್ನು ಕೂರಿಸಿ ಶವದ ಪಂಚನಾಮೆ ಬರೆಯುತ್ತಾರೆ. ಮೊದಲು ಸಿಆರ್‌ಪಿಸಿ 174 ಅನ್ನುತ್ತಿದ್ದರು. 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತರೆ ತಹಸೀಲ್ದಾರರು ಬರುತ್ತಾರೆ. ಲಾಕಪ್‌ನಲ್ಲಿ ಸತ್ತರೆ ಮ್ಯಾಜಿಸ್ಟ್ರೇಟ್ ವಿಚಾರಣೆ. ತಂದೆ ಹೇಳುತ್ತಿದ್ದರು, ಪಂಚನಾಮೆಯಲ್ಲಿ ಬಿಟ್ಟುಹೋದ ಗಾಯ ಕೋರ್ಟಿನಲ್ಲಿ ಮತ್ತೆ ಸಿಗುವುದಿಲ್ಲ ಅಂತ. ಅದಕ್ಕೆ ಹೆಣವನ್ನು ಮಗ್ಗುಲು ತಿರುಗಿಸಿ ನೋಡದೆ ಸಹಿ ಹಾಕಿಸುತ್ತಿರಲಿಲ್ಲ.

ಹಳೇ ಕಡತ

ಇಂಡಿಯಾದಲ್ಲೂ ಕೊರೊನರ್ ಇದ್ದರು ಸರ್. 1871ರ ಕೊರೊನರ್ಸ್ ಕಾಯಿದೆ ಕಲ್ಕತ್ತಾ, ಬೊಂಬಾಯಿಯಂಥ ದೊಡ್ಡ ಪಟ್ಟಣಗಳಿಗೆ ಮಾತ್ರ ಇತ್ತು. ಮುಂಬಯಿಯಲ್ಲಿ 1999ರ ತನಕ ನಡೆಯಿತು. ಮೈಸೂರಿನ ಕಡೆ ಬರಲೇ ಇಲ್ಲ.

ಒಹಾಯೋ ರಾಘು

ನಮ್ಮಲ್ಲಿ ಕೊರೊನರ್‌ಗೆ ಓಟು ಹಾಕುತ್ತೇವೆ. ನಾನು ಪೌರತ್ವ ಪಡೆದು ಮೊದಲ ಸಲ ಮತ ಹಾಕಲು ಹೋದಾಗ ಬ್ಯಾಲೆಟ್ ಪೇಪರಿನ ಕೆಳಗೆ ಆ ಹೆಸರು ನೋಡಿ ಆಶ್ಚರ್ಯವಾಗಿತ್ತು. ಸತ್ತವರನ್ನು ನೋಡುವವನಿಗೆ ಪಾರ್ಟಿ ಯಾಕೆ? ಒಹಾಯೋದಲ್ಲಿ 88 ಕೌಂಟಿ. ಇಲ್ಲಿ ಕೊರೊನರ್ ಆಗಬೇಕಾದರೆ ಡಾಕ್ಟರ್ ಆಗಿರಲೇಬೇಕು. ಪಕ್ಕದ ಪೆನ್ಸಿಲ್ವೇನಿಯಾಗೆ ಹೋದರೆ ಆ ಷರತ್ತು ಇಲ್ಲ. ಗೆದ್ದ ಮೇಲೆ ತರಬೇತಿ ಪಾಸಾದರೆ ಸಾಕು. ನೆಬ್ರಾಸ್ಕಾದಲ್ಲಿ ಕೌಂಟಿಯ ಸರ್ಕಾರಿ ವಕೀಲರೇ ಕೊರೊನರ್. ಇಂಡಿಯಾನಾದಲ್ಲಿ ಇನ್ನೂ ಒಂದು ವಿಶೇಷ ಇದೆ. ಶೆರಿಫ್‌ನನ್ನೇ ಬಂಧಿಸಬೇಕಾಗಿ ಬಂದರೆ ಆ ಕೆಲಸ ಕೊರೊನರ್‌ದು! ಹಳೇ ಕಡತ ಅವರು ಹೇಳಿದ ಕಣ್ಣು ಅಲ್ಲಿ ಇನ್ನೂ ಮುಚ್ಚಿಲ್ಲ.

ಆದರೆ ಡಾಕ್ಟರ್ ಆದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಕ್ಲೀವ್‌ಲ್ಯಾಂಡ್‌ನಲ್ಲಿ ಸ್ಯಾಮ್ಯುಯೆಲ್ ಗರ್ಬರ್ ಅಂತ ಒಬ್ಬರು 1936ರಿಂದ 50 ವರ್ಷ ಕೊರೊನರ್ ಆಗಿದ್ದರು. ಡಾಕ್ಟರೂ ಹೌದು, ಕಾನೂನು ಓದಿದವರೂ ಹೌದು. 1954ರ ಜುಲೈ 4ರಂದು ಸ್ಯಾಮ್ ಶೆಪರ್ಡ್ ಎಂಬ ಡಾಕ್ಟರ ಹೆಂಡತಿಯ ಕೊಲೆಯಾಯಿತು. ಗರ್ಬರ್ ಇನ್‌ಕ್ವೆಸ್ಟ್ (ಸಾವಿನ ಬಗ್ಗೆ ಕೊರೊನರ್ ನಡೆಸುವ ವಿಚಾರಣೆ) ನಡೆಸಿದ್ದು ಶಾಲೆಯ ಜಿಮ್‌ನಲ್ಲಿ, ನೂರಾರು ಜನರ ಮುಂದೆ. ಶೆಪರ್ಡ್‌ಗೆ ಐದೂವರೆ ಗಂಟೆ ಪ್ರಶ್ನೆ. ಅವರ ಪರ ವಕೀಲರು ಮಾತಾಡುವ ಹಾಗಿಲ್ಲ. ಒಬ್ಬ ವಕೀಲರು ದಾಖಲೆ ಸೇರಿಸಿ ಅಂತ ಎದ್ದಾಗ ಹೊರಗೆ ಹಾಕಿಸಿದರು. ಜನ ಚಪ್ಪಾಳೆ ತಟ್ಟಿದರು. ಶೆಪರ್ಡ್ ಹತ್ತು ವರ್ಷ ಜೈಲಿನಲ್ಲಿದ್ದರು. ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಅಂತ ಸುಪ್ರೀಂ ಕೋರ್ಟ್ 1966ರಲ್ಲಿ ಶಿಕ್ಷೆ ತಳ್ಳಿಹಾಕಿತು. ಮರುವಿಚಾರಣೆಯಲ್ಲಿ ಅವರು ನಿರ್ದೋಷಿ ಅಂತಾಯಿತು. ಮುಂದಿನ ಚುನಾವಣೆಯಲ್ಲಿ ಜನರ ಮುಂದೆ ನಿಲ್ಲಬೇಕಾದವರಿಗೆ ಜನರ ಸಿಟ್ಟನ್ನು ಬದಿಗಿಡುವುದು ಕಷ್ಟ.

ಹುಬ್ಬಳ್ಳಿ ಮೇಷ್ಟ್ರು

ನಾನು ಮೆಡಿಕಲ್ ಕಾಲೇಜಿನಲ್ಲಿ ನ್ಯಾಯವೈದ್ಯ ಶಾಸ್ತ್ರ ಕಲಿಸಿ ನಿವೃತ್ತನಾದವನು. ರಾಘು ಅವರೇ, ನೀವು ಹೇಳಿದ ತೊಂದರೆ ಅಮೆರಿಕಕ್ಕೆ ಬಹಳ ಹಿಂದೆಯೇ ಗೊತ್ತಾಗಿತ್ತು. 1877ರಲ್ಲೇ ಮ್ಯಾಸಚೂಸೆಟ್ಸ್ ಕೊರೊನರ್ ಹುದ್ದೆ ತೆಗೆದು ಮೆಡಿಕಲ್ ಎಕ್ಸಾಮಿನರ್ ಅಂತ ವೈದ್ಯರನ್ನು ನೇಮಿಸಿತು. ನ್ಯೂಯಾರ್ಕ್ ನಗರದ ಸ್ಥಿತಿ ಇನ್ನೂ ಕೆಟ್ಟಿತ್ತು. 1915ರಲ್ಲಿ ಒಂದು ತನಿಖಾ ವರದಿ ಬಂತು. ಅಲ್ಲಿ ಕೊರೊನರ್ ಆಗಿದ್ದವರಲ್ಲಿ ಹೆಣ ಸಾಗಿಸುವ ಅಂಗಡಿಯವರು, ಹೆಂಡದಂಗಡಿ ಮಾಲೀಕರು, ನಲ್ಲಿ ರಿಪೇರಿ ಮಾಡುವವರೂ ಇದ್ದರು. 1918ರಲ್ಲಿ ಚಾರ್ಲ್ಸ್ ನಾರಿಸ್ ಆ ನಗರದ ಮೊದಲ ಮುಖ್ಯ ಮೆಡಿಕಲ್ ಎಕ್ಸಾಮಿನರ್ ಆದರು. ಸರ್ಕಾರ ದುಡ್ಡು ಕೊಡದಿದ್ದಾಗ ಸ್ವಂತ ಕೈಯಿಂದ ಖರ್ಚು ಹಾಕಿ ಲ್ಯಾಬ್ ನಡೆಸಿದವರು. ಅವರ ಜೊತೆ ಅಲೆಕ್ಸಾಂಡರ್ ಗೆಟ್ಲರ್ ಎಂಬ ರಸಾಯನ ವಿಜ್ಞಾನಿ. ದೇಹದಲ್ಲಿ ವಿಷ ಹುಡುಕುವ ವಿದ್ಯೆಯನ್ನು ಅಮೆರಿಕದಲ್ಲಿ ಕಟ್ಟಿ ನಿಲ್ಲಿಸಿದವರೇ ಇವರಿಬ್ಬರು. ನನ್ನ ವಿದ್ಯಾರ್ಥಿಗಳಿಗೆ ಈ ಹೆಸರುಗಳನ್ನು ಹೇಳದೆ ನಾನು ವರ್ಷ ಶುರು ಮಾಡಿದ್ದೇ ಇಲ್ಲ.

ಎರಡು ಮಾತು ಎಲ್ಲರೂ ತಿಳಿದಿರಬೇಕು. ಸಾವಿನ ಕಾರಣ ಬೇರೆ, ಸಾವಿನ ಬಗೆ ಬೇರೆ. ತಲೆಗೆ ಪೆಟ್ಟು ಅನ್ನುವುದು ಕಾರಣ. ಆ ಪೆಟ್ಟು ಬಿದ್ದದ್ದು ಹೇಗೆ ಅನ್ನುವುದು ಬಗೆ. ಸಹಜ, ಅಪಘಾತ, ಆತ್ಮಹತ್ಯೆ, ಹೋಮಿಸೈಡ್, ನಿರ್ಧರಿಸಲಾಗದ್ದು ಅಂತ ಐದು ಬಗೆ. ಹೋಮಿಸೈಡ್ ಅಂದರೆ ಇನ್ನೊಬ್ಬರ ಕೈಯಿಂದ ಆದ ಸಾವು ಅಂತಷ್ಟೇ. ಕೊಲೆ ಹೌದೋ ಅಲ್ಲವೋ ಹೇಳುವುದು ಕೋರ್ಟು.

ಈಗ ಸುಮಾ ಅವರ ಅಂಗಿಯ ಪ್ರಶ್ನೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ 48ರಲ್ಲಿ ಶೆರಿಫ್ ಮತ್ತು ಕೊರೊನರ್ ಒಬ್ಬರೇ. ನಿಮ್ಮ ಮಾವನವರಂಥ ಸಹಜ ಸಾವಿನಲ್ಲಿ ಇದರಿಂದ ತೊಂದರೆ ಇಲ್ಲ. ಆದರೆ ಪೊಲೀಸರ ಕೈಯಲ್ಲೇ ಒಬ್ಬ ಸತ್ತಾಗ? ಬಗೆಯ ಕಾಲಂನಲ್ಲಿ ಏನು ಬರೆಯಬೇಕು ಅಂತ ಅದೇ ಇಲಾಖೆಯ ಮುಖ್ಯಸ್ಥ ತೀರ್ಮಾನಿಸಬೇಕು. ಸ್ಯಾನ್ ವಾಕೀನ್ ಕೌಂಟಿಯಲ್ಲಿ ಬೆನೆಟ್ ಒಮಾಲು ಎಂಬ ವೈದ್ಯರು ಇದ್ದರು. ಅಮೆರಿಕನ್ ಫುಟ್‌ಬಾಲ್ ಆಟಗಾರರ ಮೆದುಳಿಗೆ ಪೆಟ್ಟಿನಿಂದ ಆಗುವ ಹಾನಿಯನ್ನು ಕಂಡುಹಿಡಿದವರು. 2002ರಲ್ಲಿ ಪಿಟ್ಸ್‌ಬರ್ಗ್‌ನ ಕೊರೊನರ್ ಕಚೇರಿಯಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಆಟಗಾರನ ಮೆದುಳು ಹೊರನೋಟಕ್ಕೆ ಸರಿಯಾಗೇ ಇತ್ತು. ಆದರೂ ಬಿಡದೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟವರು ಇವರೇ. 2017ರಲ್ಲಿ ಇವರೂ ಒಬ್ಬ ಸಹೋದ್ಯೋಗಿಯೂ ಶೆರಿಫ್ ತಮ್ಮ ತೀರ್ಮಾನಗಳಲ್ಲಿ ಕೈಹಾಕುತ್ತಿದ್ದಾರೆ ಅಂತ ಆರೋಪಿಸಿ ರಾಜೀನಾಮೆ ಕೊಟ್ಟರು. ಮಾರನೇ ವರ್ಷ ಆ ಕೌಂಟಿ ಎರಡೂ ಕಚೇರಿ ಬೇರೆ ಮಾಡುವ ತೀರ್ಮಾನ ಮಾಡಿತು. ಪೋಸ್ಟ್‌ಮಾರ್ಟಂ ಟೇಬಲ್ ಎದುರು ನಿಂತ ವೈದ್ಯನ ಹಿಂದೆ ಯಾರೂ ನಿಂತಿರಬಾರದು. ಮೂವತ್ತು ವರ್ಷ ಆ ಟೇಬಲ್ ಎದುರು ನಿಂತು ಹೇಳುತ್ತಿದ್ದೇನೆ.

ಕೊಡಗಿನ ಕಾವೇರಿ, ಪೆನ್ಸಿಲ್ವೇನಿಯಾ

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಮ್ಮಂಥ ಹಳ್ಳಿ ಕೌಂಟಿಯ ಕಥೆಯನ್ನೂ ಕೇಳಿ. ಇಲ್ಲಿ ಕೊರೊನರ್ ಅಂತ್ಯಸಂಸ್ಕಾರದ ವ್ಯವಹಾರ ನಡೆಸುವ ಮನೆಯವರು. ವೈದ್ಯರಲ್ಲ. ಆದರೆ ರಾತ್ರಿ ಮೂರು ಗಂಟೆಗೆ ಹಿಮದಲ್ಲಿ ಗಾಡಿ ಓಡಿಸಿಕೊಂಡು ಬರುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗ ಫೆಂಟನಿಲ್ ಎಂಬ ಡ್ರಗ್‌ನಿಂದ ಹೋದಾಗ ಆ ತಾಯಿಯ ಜೊತೆ ಬೆಳಗಿನವರೆಗೂ ಅಡುಗೆಮನೆಯಲ್ಲಿ ಕೂತಿದ್ದರು. ಪೋಸ್ಟ್‌ಮಾರ್ಟಂ ಬೇಕಾದರೆ ದೂರದ ಊರಿನ ವೈದ್ಯರ ಹತ್ತಿರ ದುಡ್ಡು ಕೊಟ್ಟು ಮಾಡಿಸುತ್ತಾರೆ. ಎಲ್ಲ ಕೌಂಟಿಗೂ ಒಬ್ಬೊಬ್ಬ ನ್ಯಾಯವೈದ್ಯರನ್ನು ಎಲ್ಲಿಂದ ತರುವುದು?

ಹುಬ್ಬಳ್ಳಿ ಮೇಷ್ಟ್ರು

ಕಾವೇರಿ ಅವರೇ, ನಿಜ. ಇಡೀ ಅಮೆರಿಕದಲ್ಲಿ ಅಂಥ ವೈದ್ಯರು ಸಾವಿರಕ್ಕಿಂತ ಕಡಿಮೆ. ಅದಕ್ಕೇ ಮೇರಿಲ್ಯಾಂಡ್ 1939ರಲ್ಲಿ ಕಂಡುಕೊಂಡ ದಾರಿ ನನಗೆ ಇಷ್ಟ. ಕೌಂಟಿಗೊಬ್ಬರು ಬೇಡ, ಇಡೀ ರಾಜ್ಯಕ್ಕೆ ಒಂದು ಕಚೇರಿ. ನಿಮ್ಮ ಕೊರೊನರ್‌ರಂಥವರು ಅದರಲ್ಲಿ ತನಿಖೆಯ ಕೆಲಸ ಮಾಡಲಿ. ತಾಯಿಯ ಜೊತೆ ಕೂರುವವರು ಬೇಕೇ ಬೇಕು.

ಬೆಳಗಾವಿ ಮಗಳು, ಡಬ್ಲಿನ್

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಕೊರೊನರ್ ಅಂದ ಕೂಡಲೇ ನಮಗೆ ಇಲ್ಲಿ ನೆನಪಾಗುವುದು ಸವಿತಾ ಹಾಲಪ್ಪನವರ. ನಮ್ಮ ಬೆಳಗಾವಿಯ ಹುಡುಗಿ. ಹಲ್ಲಿನ ಡಾಕ್ಟರ್. 31 ವರ್ಷ. 2012ರ ಅಕ್ಟೋಬರ್ 28ರಂದು ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಿದ್ದರೂ ಮಗುವಿನ ಎದೆಬಡಿತ ಇದೆ ಅಂತ ಗರ್ಭಪಾತ ಮಾಡಲಿಲ್ಲ. ಸೋಂಕು ರಕ್ತಕ್ಕೆ ಏರಿತು.

2013ರ ಏಪ್ರಿಲ್‌ನಲ್ಲಿ ಇನ್‌ಕ್ವೆಸ್ಟ್ ನಡೆಯಿತು. ಕೊರೊನರ್ ಡಾ. ಕಿಯರಾನ್ ಮೆಕ್‌ಲೌಗ್ಲಿನ್. ಐರ್ಲೆಂಡಿನಲ್ಲಿ ಕೊರೊನರ್ ಯಾರನ್ನೂ ತಪ್ಪಿತಸ್ಥರು ಅನ್ನುವ ಹಾಗಿಲ್ಲ. ಯಾರು ಸತ್ತರು, ಯಾವಾಗ, ಎಲ್ಲಿ, ಹೇಗೆ ಅಂತ ಕಂಡುಕೊಳ್ಳಬೇಕು, ಅಷ್ಟೇ. ಆದರೆ ಅದೆಲ್ಲ ತೆರೆದ ಬಾಗಿಲಲ್ಲಿ ನಡೆಯಿತು. ಡಾಕ್ಟರು, ನರ್ಸು, ಎಲ್ಲರೂ ಬಂದು ಪ್ರಮಾಣ ಮಾಡಿ ಹೇಳಿದರು. ಯಾವ ರಕ್ತಪರೀಕ್ಷೆ ಯಾರು ನೋಡಲಿಲ್ಲ, ಯಾವ ಮಾತು ಯಾರು ಆಡಿದರು ಅಂತ ಗಂಟೆ ಗಂಟೆಯ ಲೆಕ್ಕ ಹೊರಗೆ ಬಂತು. ವೈದ್ಯಕೀಯ ಅವಘಡ ಅಂತ ಜೂರಿ ಒಮ್ಮತದಿಂದ ಹೇಳಿತು. ಒಂಬತ್ತು ಶಿಫಾರಸು ಬಂದವು. 2018ರಲ್ಲಿ ಜನಮತ ನಡೆದು, ಗರ್ಭಪಾತಕ್ಕೆ ಅಡ್ಡಿಯಾಗಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯೇ ಹೋಯಿತು.

ಆ ಇನ್‌ಕ್ವೆಸ್ಟ್ ಮುಚ್ಚಿದ ಕೋಣೆಯಲ್ಲಿ ನಡೆದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಆ ವಾರ ನಾವು ಕೆಲವು ಹೆಣ್ಣುಮಕ್ಕಳು ಕೆಲಸದಿಂದ ಬಂದವರೇ ರೇಡಿಯೋ ಹಾಕಿ ಕೂರುತ್ತಿದ್ದೆವು. ಯಾರಿಗೂ ಊಟ ಸೇರುತ್ತಿರಲಿಲ್ಲ.

ಠಾಣೆ ಕ್ವಾರ್ಟರ್ಸ್

ಬೆಳಗಾವಿ ಅಕ್ಕ, ನಮ್ಮ ಪಂಚನಾಮೆಯಲ್ಲಿ ಇಲ್ಲದ್ದು ಇದೇ. ನಮ್ಮ ಕಡೆ ಯುಡಿಆರ್ ಮುಗಿದ ಮೇಲೆ ಮನೆಯವರು ಅದರ ಪ್ರತಿಗೆ ಅಲೆಯಬೇಕು. ಎಲ್ಲರ ಮುಂದೆ ಕೂತು ಪ್ರಶ್ನೆ ಕೇಳುವ ಜಾಗವೇ ಇಲ್ಲ.

ಮಂಗಳೂರು ನರ್ಸ್

ಸುಮಕ್ಕ, ಅತ್ತೆ ಈಗ ಹೇಗಿದ್ದಾರೆ? ಸರ್ಟಿಫಿಕೇಟ್ ಬಂತಾ?

ಹಾಸನದ ಸುಮಾ, ಕ್ಯಾಲಿಫೋರ್ನಿಯಾ

ಎಲ್ಲರಿಗೂ ಕೈಮುಗಿಯುತ್ತೇನೆ. ರಾತ್ರಿ ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಮರ ಜಪ್ತಿ ಮಾಡಿದ ಕಥೆ ಕೇಳಿ "ಪಾಪ, ಮರ ಏನು ಮಾಡಿತ್ತು" ಅಂದರು. ನಲವತ್ತು ದಿನದಲ್ಲಿ ಅವರು ತಾವಾಗೇ ಆಡಿದ ಮೊದಲ ಮಾತು ಅದು. ಸವಿತಾ ವಿಷಯ ಓದುವಾಗ ನಿಲ್ಲಿಸು ಅಂದರು. ಸ್ವಲ್ಪ ಹೊತ್ತು ಬಿಟ್ಟು ಮುಂದೆ ಓದು ಅಂದರು.

ಸರ್ಟಿಫಿಕೇಟ್ ಬಂದಿದೆ. ಕಾರಣ ಹೃದಯದ ರಕ್ತನಾಳದ ಕಾಯಿಲೆ, ಬಗೆ ಸಹಜ. ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು ಮಾಡಿಸಿ ಅಸ್ಥಿ ಒಯ್ಯುವ ಕಾಗದವೂ ಆಗಿದೆ. ಮುಂದಿನ ವಾರ ನಮ್ಮವರು ಅತ್ತೆಯನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗುತ್ತಾರೆ.

ಇನ್ನೊಂದು ಹೇಳಬೇಕು. ದೇಹ ಒಯ್ಯುವಾಗ ಮೈಮೇಲಿನ ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಿ ನಮ್ಮ ಸಹಿ ತೆಗೆದುಕೊಂಡಿದ್ದರು. ಉಂಗುರ, ವಾಚ್, ಕನ್ನಡಕ. ಉಡುದಾರಕ್ಕೆ ಏನು ಬರೆಯಬೇಕು ಅಂತ ಆ ಇನ್ವೆಸ್ಟಿಗೇಟರ್‌ಗೆ ತಿಳಿಯಲಿಲ್ಲ. ಅದು ಹುಟ್ಟಿದಾಗಿನಿಂದ ಕಟ್ಟುವುದು, ಕತ್ತರಿಸಬೇಡಿ ಅಂದೆ. ಅವರು ನನ್ನ ಹತ್ತಿರ ಹೆಸರು ಕೇಳಿ ಅಕ್ಷರ ಅಕ್ಷರ ಬಿಡಿಸಿ ಇಂಗ್ಲಿಷಿನಲ್ಲಿ "ಉಡುದಾರ" ಅಂತಲೇ ಬರೆದುಕೊಂಡರು. ಪಕ್ಕದಲ್ಲಿ "ತೆಗೆಯಬಾರದು" ಅಂತ ಅಡಿಗೆರೆ ಹಾಕಿದರು. ಮಾರನೇ ದಿನ ಮಾವನಿಗೆ ಸ್ನಾನ ಮಾಡಿಸುವಾಗ ನಮ್ಮವರು ನೋಡಿದರು. ಸೊಂಟದಲ್ಲಿ ಹಾಗೇ ಇತ್ತು.